ನಮ್ಮ ಗುಡ್ಡದ ಗಾಳಿ, ನಾವು ಹತ್ತಿ ನೋಡಬೇಡವೇ?

(ಬನಹಟ್ಟಿಯಲ್ಲಿ ಯುವಜನರ ಮುಂದೆ ಆಡಿದ ಮಾತು)



ನೇಕಾರರ ಊರಿನ ಮಕ್ಕಳಿಗೆ ಕರೆಂಟಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಕರೆಂಟು ಹೋದರೆ ಪವರ್‌ಲೂಮ್ ನಿಲ್ಲುತ್ತದೆ. ಮಗ್ಗ ನಿಂತರೆ ಮನೆಯ ಒಲೆ ತಣ್ಣಗಾಗುತ್ತದೆ. ಆದರೆ ಆ ಕರೆಂಟು ಎಲ್ಲಿ ಹುಟ್ಟುತ್ತದೆ ಎಂದು ಎಂದಾದರೂ ಕೇಳಿದ್ದೀರಾ?

ಅದರಲ್ಲೊಂದು ಪಾಲು ಗಾಳಿಯದು. ಗದಗದ ಕಪ್ಪತಗುಡ್ಡದ ಸುತ್ತ, ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಕರ್ನಾಟಕದ ಗಾಳಿ ವಿದ್ಯುತ್ ಸಾಮರ್ಥ್ಯ ಇಂದು 5,000 ಮೆಗಾವಾಟ್ ದಾಟಿದೆ. ಗುಡ್ಡ ನಮ್ಮದು, ಗಾಳಿ ನಮ್ಮದು. ಆದರೆ ನಮ್ಮ ಪಾಲಿಗೆ ಬಂದದ್ದು ದೂರದ ನೋಟ ಮಾತ್ರ!

ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ ಸ್ವಾಫಮ್ ಎಂಬ ಸಣ್ಣ ಪೇಟೆಯಿದೆ. 1999ರಲ್ಲಿ ಅಲ್ಲಿ ನಿಲ್ಲಿಸಿದ ಗಾಳಿಯಂತ್ರದ ಗೋಪುರದ ತುದಿಯಲ್ಲಿ, ತಿರುಗುವ ರೆಕ್ಕೆಗಳ ಬಳಿಯೇ, ಜನ ನಿಂತು ನೋಡಲೆಂದು ಗಾಜಿನ ಅಟ್ಟಣಿಗೆ ಕಟ್ಟಿದರು. ಅದರ ವಿನ್ಯಾಸ ಹೆಸರಾಂತ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯದು. 300 ಮೆಟ್ಟಿಲು ಹತ್ತಿದರೆ ಊರೇ ಕಾಲ ಕೆಳಗೆ! 2010ರಲ್ಲಿ ಕೆನಡಾದ ವ್ಯಾಂಕೂವರ್ ಬಳಿಯ ಗ್ರೌಸ್ ಬೆಟ್ಟದ ಮೇಲೂ ಇಂಥದ್ದೊಂದು ತೆರೆಯಿತು. ಅಲ್ಲಿ ಲಿಫ್ಟ್ ಕೂಡ ಇದೆ.

ಇದು ಬರೀ ಮೋಜೇ? ಅಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ಆಷಾಢದಲ್ಲಿ ಯಂತ್ರಗಳು ಏಕೆ ಅಷ್ಟು ಜೋರಾಗಿ ದುಡಿಯುತ್ತವೆ ಎಂಬುದನ್ನು ಪುಸ್ತಕ ನೂರು ಸಲ ಹೇಳಲಿ, ಮೇಲೆ ನಿಂತವನಿಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಯಂತ್ರ ಸಾಗಿಸಲು ಗುಡ್ಡ ಕಡಿದು ಮಾಡಿದ ರಸ್ತೆಯೂ ಅಲ್ಲಿಂದಲೇ ಕಾಣುತ್ತದೆ. ಲಾಭವನ್ನೂ ನಷ್ಟವನ್ನೂ ಕಣ್ಣಾರೆ ಕಂಡವನನ್ನು ಯಾರೂ ಮರುಳು ಮಾಡಲಾರರು.

ಅಲ್ಲಿ ವಿವರಿಸುವ ಮಾತು ಮಾತ್ರ ಕನ್ನಡದ್ದೇ ಆಗಿರಬೇಕು. ಲಾಳಿ, ಹಾಸು, ಹೊಕ್ಕು ಎಂದು ಮಗ್ಗದ ಕೆಲಸಕ್ಕೆಲ್ಲ ಹೆಸರು ಕೊಟ್ಟ ಭಾಷೆಗೆ ಗಾಳಿಯಂತ್ರ ದೊಡ್ಡದೇ? ರೆಕ್ಕೆ, ಗೋಪುರ, ಅಚ್ಚು... ಪದಗಳು ಸಿದ್ಧವಾಗಿಯೇ ಇವೆ.

ಎಲ್ಲ ಯಂತ್ರಕ್ಕೂ ಅಟ್ಟಣಿಗೆ ಬೇಡ, ಒಂದಕ್ಕಿದ್ದರೆ ಸಾಕು. ಆದರೆ ಅದರ ಭಾರವನ್ನು ಗೋಪುರದ ನಕ್ಷೆ ಬರೆಯುವಾಗಲೇ ಲೆಕ್ಕ ಹಾಕಬೇಕು. ನಿಂತ ಯಂತ್ರಕ್ಕೆ ಆಮೇಲೆ ಕಟ್ಟುವುದು ಸುಲಭವಲ್ಲ. ಆದ್ದರಿಂದ ಮುಂದಿನ ಯಂತ್ರಗಳು ಏಳುವ ಮುಂಚೆಯೇ ಕೇಳಬೇಕು. ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತಕ್ಕೆ ಬರೆಯಿರಿ, ನಿಮ್ಮ ಶಾಸಕರನ್ನು ಕೇಳಿರಿ. ಕನ್ನಡದಲ್ಲೇ ಬರೆಯಿರಿ, ಕನ್ನಡದಲ್ಲೇ ಉತ್ತರ ಪಡೆಯಿರಿ.

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಗಾಳಿ ಬಂದಿದೆ. ಮೊರ ಹಿಡಿಯುವ ಕೈ ನಿಮ್ಮದಾಗಲಿ.

ಜೈ ಕರ್ನಾಟಕ!