ನೆರೆಹಾವಳಿಯೂ ಊರ ಗ್ರಂಥಾಲಯವೂ

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ದಡ ಮೀರಿ ಹರಿದುದನ್ನು ಆ ಸೀಮೆಯವರು ಮರೆತಿರಲಾರರು. ನವಿಲುತೀರ್ಥದ ಜಲಾಶಯ ತುಂಬಿ, ಹೊರಬಿಟ್ಟ ನೀರು ರಾಮದುರ್ಗ, ನರಗುಂದ, ಬಾದಾಮಿ ತಾಲ್ಲೂಕುಗಳ ಎಷ್ಟೋ ಊರುಗಳನ್ನು ಹೊಕ್ಕಿತು. ಆಗ ನಾನು ಪಾಠ ಹೇಳುತ್ತಿದ್ದ ಶಾಲೆಯೇ ಪರಿಹಾರ ಕೇಂದ್ರವಾಯಿತು. ಸಂಧಿ ಸಮಾಸಗಳನ್ನು ಬಿಡಿಸುತ್ತಿದ್ದ ಕೊಠಡಿಯಲ್ಲಿ ಏಳು ಸಂಸಾರಗಳು ಚಾಪೆ ಹಾಸಿದುವು.

ಅನ್ನಕ್ಕೆ ಕೊರತೆಯಾಗಲಿಲ್ಲ. ದೂರದೂರದ ಊರುಗಳಿಂದ ರೊಟ್ಟಿಯ ಗಂಟುಗಳೂ ಹೊದಿಕೆಗಳೂ ಬಂದುವು. ಈ ವಿಷಯದಲ್ಲಿ ನಮ್ಮ ಜನರ ಕೈ ದೊಡ್ಡದು. ಆದರೆ ಮಳೆ ಬಿಟ್ಟ ದಿನ ಮುದುಕರೊಬ್ಬರು ಎದೆಗವಚಿಕೊಂಡಿದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಮುಂದೆ ಬಿಚ್ಚಿದರು. ರೇಷನ್ ಕಾರ್ಡು, ಹೊಲದ ಉತಾರ, ಬ್ಯಾಂಕಿನ ಪುಸ್ತಕ, ಮೊಮ್ಮಗಳ ಹತ್ತನೆಯ ತರಗತಿಯ ಅಂಕಪಟ್ಟಿ, ಎಲ್ಲವೂ ಒಂದೇ ಮುದ್ದೆ. “ಮಾಸ್ತರ, ಇದರಾಗ ಏನರ ಉಳದೈತೇನ್ರಿ?” ಎಂದರು. ಹಳಗನ್ನಡದ ಎಂಥ ಪದ್ಯವನ್ನಾದರೂ ಬಿಡಿಸಬಲ್ಲೆನೆಂಬ ಪಂಡಿತನಿಗೆ ಆ ಮುದ್ದೆಯನ್ನು ಬಿಡಿಸುವ ಬಗೆ ತಿಳಿಯಲಿಲ್ಲ. ಬಿಸಿಲಿಗೆ ಇಡಿ ಎಂದುಬಿಟ್ಟೆ.

ಅದು ತಪ್ಪು ಸಲಹೆ. ಬಿಸಿಲಿಗೆ ಒದ್ದೆ ಕಾಗದ ಮುರುಟುತ್ತದೆ, ಶಾಯಿ ಮಾಸುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಹಾಳೆಗಳ ನಡುವೆ ಅಚ್ಚಿಲ್ಲದ ಬಿಳಿಯ ಕಾಗದವಿಟ್ಟು, ಅದನ್ನು ಆಗಾಗ ಬದಲಿಸುತ್ತ ಒಣಗಿಸಬೇಕು. ಅಂಟಿದ ಹಾಳೆಗಳನ್ನು ಬಲವಂತವಾಗಿ ಕೀಳಬಾರದು. ಎರಡು ದಿನ ತಡೆದರೆ ಬೂಷ್ಟು ಹಿಡಿಯುತ್ತದೆ. ಇದನ್ನು ನನಗೆ ಆಮೇಲೆ ತಿಳಿಸಿದವರು ಒಬ್ಬ ಗ್ರಂಥಪಾಲಕರು. ಪುಸ್ತಕ ಕಾಯುವವರ ಈ ವಿದ್ಯೆ ಆ ವಾರ ಎಷ್ಟು ಮನೆಗಳಿಗೆ ಬೇಕಾಗಿತ್ತು! ಆದರೆ ಹತ್ತಿರದ ವಾಚನಾಲಯಕ್ಕೆ ಬೀಗ ಬಿದ್ದಿತ್ತು. ನೆರೆಯ ಹೊತ್ತಿನಲ್ಲಿ ಓದಲು ಯಾರು ಬರುತ್ತಾರೆಂದು ಬಾಗಿಲು ಹಾಕಿದ್ದರಂತೆ.

ಸಂಕಷ್ಟದ ದಿನಗಳಲ್ಲಿ ಜನ ಅಲ್ಲಿಗೆ ಬರುವುದು ಕಾದಂಬರಿಗಾಗಿ ಅಲ್ಲ. ಆ ವರ್ಷ ಸರಕಾರ ಸಂತ್ರಸ್ತ ಸಂಸಾರಗಳಿಗೆ ತುರ್ತಾಗಿ 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಹಣವೇನೋ ಉಂಟು, ಆದರೆ ನಾನು ಇಂಥವನು, ನನ್ನ ಮನೆ ಇಲ್ಲಿತ್ತು ಎಂದು ತೋರಿಸಲು ಕಾಗದ ಬೇಕು. ಅದನ್ನೇ ಹೊಳೆ ಒಯ್ದರೆ?

2005ರಲ್ಲಿ ಅಮೆರಿಕದ ಲೂಯಿಸಿಯಾನ, ಮಿಸಿಸಿಪಿ ಸಂಸ್ಥಾನಗಳಿಗೆ ಕತ್ರೀನಾ ಚಂಡಮಾರುತ ಬಡಿದಾಗಲೂ ಹೀಗೇ ಆಯಿತು. ಪರಿಹಾರದ ಅರ್ಜಿಯನ್ನು ಅಂತರಜಾಲದಲ್ಲಿಯೋ ದೂರವಾಣಿಯಲ್ಲಿಯೋ ಸಲ್ಲಿಸಬೇಕು. ಮನೆಯೇ ಇಲ್ಲದವರಿಗೆ ಎಲ್ಲಿಯ ಗಣಕಯಂತ್ರ? ಅವರು ಸಾರ್ವಜನಿಕ ಗ್ರಂಥಾಲಯಗಳ ಮುಂದೆ ಸಾಲು ನಿಂತರು. ಅಲ್ಲಿನ ಸಿಬ್ಬಂದಿ ಅರ್ಜಿ ತುಂಬಿಸಿದರು, ಅಗಲಿದ ಬಂಧುಗಳನ್ನು ಹುಡುಕಲು ನೆರವಾದರು. ಕೆಲವು ವರ್ಷಗಳ ಅನಂತರ ಆ ದೇಶದ ವಿಪತ್ತು ಇಲಾಖೆ, ಗ್ರಂಥಾಲಯ ಹಾಳಾದರೆ ಅದನ್ನು ತಾತ್ಕಾಲಿಕವಾಗಿ ಬೇರೆ ಕಟ್ಟಡದಲ್ಲಿ ನಡೆಸುವ ವೆಚ್ಚಕ್ಕೂ ನೆರವು ಕೊಡಲು ಒಪ್ಪಿತು.

ನಮ್ಮಲ್ಲಿ 1965ರ ಕಾಯಿದೆಯಂತೆ ಪಟ್ಟಣದ ಮನೆಗಂದಾಯದೊಡನೆ ಗ್ರಂಥಾಲಯದ ಕರವನ್ನೂ ತೆರುತ್ತೇವೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆನಿಸಿವೆ. ಹೊಸ ಕಟ್ಟಡ ಬೇಕೆಂದು ನಾನು ಹೇಳುತ್ತಿಲ್ಲ. ಇರುವ ಮೇಜನ್ನೇ ಪರಿಹಾರ ಕೇಂದ್ರದ ಜಗಲಿಗೆ ಒಯ್ದರಾಯಿತು. ಅರ್ಜಿ ಬರೆದುಕೊಡಲು ಒಬ್ಬರು, ಪತ್ರಿಕೆಯಲ್ಲಿ ಬಂದ ಪ್ರಕಟಣೆಗಳನ್ನು ಗಟ್ಟಿಯಾಗಿ ಓದಲು ಒಬ್ಬರು. ವಿದ್ಯುತ್ತು ಹೋದಾಗ ಸುದ್ದಿ ಕೇಳಲು ಸೆಲ್ಲಿನ ರೇಡಿಯೊ ಒಂದು. ಮಕ್ಕಳಿಗೆ ಒಂದು ಪೆಟ್ಟಿಗೆ ಕಥೆಪುಸ್ತಕ ಕೊಟ್ಟರೆ ತಾಯಂದಿರಿಗೂ ಒಂದು ಗಳಿಗೆ ಬಿಡುವು. ಗ್ರಂಥಾಲಯವೇ ತಗ್ಗಿನಲ್ಲಿದ್ದರೆ ಕೆಳಗಿನ ಕಪಾಟಿನ ಪುಸ್ತಕಗಳನ್ನು ಮಳೆಗಾಲಕ್ಕೆ ಮುಂಚೆಯೇ ಮೇಲೇರಿಸಿಡಬೇಕು, ಅಷ್ಟೆ.

ಆ ಮುದುಕರ ವಿಷಯ ಹೇಳಿಬಿಡುತ್ತೇನೆ. ಅವರ ಉತಾರದ ಮೂಲ ಹೊಳೆಯ ಪಾಲಾಗಿರಲಿಲ್ಲ. ತಾಲ್ಲೂಕಿನ ಭೂಮಿ ಕೇಂದ್ರದ ಗಣಕದಲ್ಲಿ ಭದ್ರವಾಗಿತ್ತು, ಹೊಸ ಪ್ರತಿ ದೊರೆಯಿತು. ಮೊಮ್ಮಗಳ ಅಂಕಪಟ್ಟಿಯ ನಕಲಿಗೂ ಅರ್ಜಿ ಹಾಕಬಹುದಿತ್ತು. ಆದರೆ ಅದು ಯಾರಿಗೆ, ಹೇಗೆ ಎಂದು ವಿಚಾರಿಸಿ ತಿಳಿಯುವಷ್ಟರಲ್ಲಿ ಆ ವರ್ಷದ ಕಾಲೇಜು ಪ್ರವೇಶದ ದಿನ ಕಳೆದುಹೋಗಿತ್ತು.