ಹಿಮದ ನೀರಿನಿಂದ ಬದುಕುವ ನಾಡು: ಸಾನ್ ಹುವಾನ್



ಈ ಹೊತ್ತು ನಾವು ಮಾತನಾಡಬೇಕೆಂದಿರುವ ನಾಡು ಬಹು ದೂರದ್ದು. ದಕ್ಷಿಣ ಅಮೆರಿಕಾ ಖಂಡದ ಭೂಪಟವು ಮನೆಯಲ್ಲಿರುವವರು ಅದನ್ನು ಮುಂದಿರಿಸಿಕೊಳ್ಳಬಹುದು. ಇಲ್ಲದವರು ಮನಸ್ಸಿನಲ್ಲಿಯೇ ಬರೆದುಕೊಂಡರೆ ಸಾಕು. ಖಂಡದ ಪಶ್ಚಿಮದ ಅಂಚಿನಲ್ಲಿ ಆಂಡೀಸ್ ಪರ್ವತಶ್ರೇಣಿಯು ಉತ್ತರದಿಂದ ದಕ್ಷಿಣಕ್ಕೆ ಗೋಡೆ ಇಟ್ಟಂತೆ ಹಬ್ಬಿದೆ. ಗೋಡೆಯ ಆಚೆಗೆ, ಶಾಂತಸಾಗರದ ಕಡೆಗೆ, ಚಿಲಿ ದೇಶ, ಈಚೆಗೆ ಅರ್ಜೆಂಟೀನಾ. ಈ ಅರ್ಜೆಂಟೀನಾದ ಒಂದು ಪ್ರಾಂತ, ಗೋಡೆಗೆ ಬೆನ್ನು ಕೊಟ್ಟು ಕುಳಿತಂತೆ ಇರುವುದು, ಸಾನ್ ಹುವಾನ್. ಅಕ್ಷರಗಳನ್ನು ನೋಡಿ ಇಂಗ್ಲಿಷು ಕಲಿತ ನಾವು 'ಜುವಾನ್' ಎಂದುಬಿಡುವುದುಂಟು. ಅಲ್ಲಿಯವರ ಸ್ಪ್ಯಾನಿಷ್ ನುಡಿಯಲ್ಲಿ ಅದು 'ಹುವಾನ್'.

ಈ ಪ್ರಾಂತದ ವಿಸ್ತೀರ್ಣ ಸುಮಾರು 34,600 ಚದರ ಮೈಲಿ. 2022ರ ಜನಗಣತಿಯ ಪ್ರಕಾರ ಜನಸಂಖ್ಯೆ 8 ಲಕ್ಷಕ್ಕೆ ಸ್ವಲ್ಪ ಮೇಲೆ. ಇಷ್ಟು ದೊಡ್ಡ ನಾಡಿಗೆ ಇಷ್ಟು ಕಡಿಮೆ ಜನವೇಕೆ ಎಂದರೆ, ಉತ್ತರವು ಒಂದೇ ಮಾತಿನಲ್ಲಿದೆ: ನೀರಿಲ್ಲ. ಪ್ರಾಂತದ ಮುಖ್ಯ ನಗರದಲ್ಲಿ ವರ್ಷವೆಲ್ಲ ಕೂಡಿ ಬೀಳುವ ಮಳೆ ಸುಮಾರು ನಾಲ್ಕು ಅಂಗುಲ ಮಾತ್ರ. ನೆಲದ ಬಹುಭಾಗ ಬೆಟ್ಟ, ಉಳಿದುದರಲ್ಲಿ ಬಹುಭಾಗ ಕಲ್ಲು, ಮರಳು, ಮುಳ್ಳುಪೊದೆ. ಸಾಗುವಳಿಗೆ ಒದಗುವ ಹಸಿರು ನೆಲ ನೂರಕ್ಕೆ ಮೂರು ಪಾಲನ್ನು ಮೀರದು. ಆ ಮೂರು ಪಾಲಿನಲ್ಲಿಯೇ ಬಹುಪಾಲು ಜನರು ವಾಸಮಾಡುತ್ತಾರೆ.

ಹೀಗಾಗಲು ಕಾರಣವೇನು? ಶಾಂತಸಾಗರದಿಂದ ತೇವವನ್ನು ಹೊತ್ತು ಬೀಸುವ ಪಡುಗಾಳಿ ಆಂಡೀಸಿನ ಗೋಡೆಯನ್ನು ಏರಬೇಕು. ಏರುತ್ತ ಏರುತ್ತ ತಣ್ಣಗಾಗಿ, ತನ್ನ ಹೊರೆಯನ್ನೆಲ್ಲ ಚಿಲಿಯ ಕಡೆಯ ಇಳಿಜಾರಿನಲ್ಲಿಯೂ ಶಿಖರಗಳ ಮೇಲೆಯೂ ಮಳೆಯಾಗಿ ಹಿಮವಾಗಿ ಸುರಿದುಬಿಡುತ್ತದೆ. ಈಚೆಗೆ ಇಳಿಯುವಾಗ ಅದರ ಕೈ ಬರಿದು. ಅಷ್ಟೇ ಅಲ್ಲ, ಇಳಿಯುವ ಗಾಳಿ ಒತ್ತಡದಿಂದ ಕಾಯುತ್ತದೆ. ಈ ಒಣ ಬಿಸಿಗಾಳಿಗೆ ಅಲ್ಲಿಯವರು 'ಸೋಂಡಾ' ಎಂದು ಹೆಸರಿಟ್ಟಿದ್ದಾರೆ. ಚಳಿಗಾಲದ ನಡುವೆ ಅದು ಬೀಸಿತೆಂದರೆ ಕೆಲವು ಗಳಿಗೆಯೊಳಗಾಗಿ ಬೇಸಗೆ ಬಂದಂತಾಗುವುದು. ಜನ ಧೂಳಿಗೆ ಹೆದರಿ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಳ್ಳುವರು.

ಆದರೆ ಮಳೆಯನ್ನು ತಡೆದ ಪರ್ವತವೇ ಈ ನಾಡಿಗೆ ಅನ್ನದಾತನೂ ಆಗಿದೆ. ಅಲ್ಲಿ ಮೆರ್ಸೆದಾರಿಯೋ ಎಂಬ ಶಿಖರವು 22,000 ಅಡಿಗಳಷ್ಟು ಎತ್ತರವಿದೆ. ಚಳಿಗಾಲದಲ್ಲಿ ಇಂಥ ಶಿಖರಗಳ ಮೇಲೆ ಬಿದ್ದ ಹಿಮ ಬೇಸಗೆಯಲ್ಲಿ ಕರಗಿ ಹರಿಯುತ್ತದೆ. ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅವರ ಬೇಸಗೆ ನಮ್ಮ ಡಿಸೆಂಬರು ಜನವರಿಗಳಲ್ಲಿ. ಸಾನ್ ಹುವಾನ್ ನದಿ, ಉತ್ತರದಲ್ಲಿ ಹಾಚಲ್ ನದಿ, ಇವೆರಡೇ ಪ್ರಾಂತದ ಮುಖ್ಯ ಜೀವನಾಡಿಗಳು. ಆಕಾಶದ ಕಡೆಗೆ ನೋಡುವ ರೈತನನ್ನು ನಾವು ಬಲ್ಲೆವು. ಸಾನ್ ಹುವಾನಿನ ರೈತ ಬೆಟ್ಟದ ಕಡೆಗೆ ನೋಡುತ್ತಾನೆ.

ಈ ನಾಡು ಯಾವಾಗಲೂ ಹೀಗೆಯೇ ಇತ್ತೆ? ಇರಲಿಲ್ಲ. ಪ್ರಾಂತದ ಈಶಾನ್ಯದಲ್ಲಿ ಇಸ್ಚಿಗುವಾಲಾಸ್ತೋ ಎಂಬ ಬಂಜರು ಕಣಿವೆಯೊಂದಿದೆ. ಅಲ್ಲಿ ಕಲ್ಲಾಗಿ ಬಿದ್ದಿರುವ ಮರದ ಬೊಡ್ಡೆಗಳು ಸಿಕ್ಕುತ್ತವೆ. ಸುಮಾರು 23 ಕೋಟಿ ವರ್ಷಗಳ ಹಿಂದೆ ಅಲ್ಲಿ ನದಿಗಳು ಹರಿಯುತ್ತಿದ್ದವು, ಮರಗಳು ಬೆಳೆದಿದ್ದವು, ಭೂಮಿಯ ಮೇಲೆ ಮೊದಮೊದಲು ಕಾಣಿಸಿಕೊಂಡ ಡೈನೋಸಾರುಗಳು ಸಂಚರಿಸುತ್ತಿದ್ದವು. ಅವುಗಳಲ್ಲಿ ಒಂದರ ಎಲುಬುಗಳನ್ನು ಮೊದಲು ಕಂಡವನು ವಿದ್ವಾಂಸನಲ್ಲ, ವಿಕ್ತೋರಿನೋ ಹೆರೇರಾ ಎಂಬ ಆಡು ಮೇಯಿಸುವವನು. 1963ರಲ್ಲಿ ಪಂಡಿತರು ಆ ಪ್ರಾಣಿಗೆ ಅವನ ಹೆಸರನ್ನೇ ಸೇರಿಸಿ 'ಹೆರೇರಾಸಾರಸ್' ಎಂದು ಕರೆದರು. 2000ದಲ್ಲಿ ಆ ಕಣಿವೆಯು, ನೆರೆಯ ಪ್ರಾಂತದ ತಾಲಂಪಾಯಾದೊಡನೆ, ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇನ್ನು ಮನುಷ್ಯರ ಕಥೆಗೆ ಬರೋಣ. ಸ್ಪೇನಿನವರು ಬರುವುದಕ್ಕೆ ಮುಂಚೆ ಇಲ್ಲಿ ಉವಾರ್ಪೆ ಎಂಬ ಜನರಿದ್ದರು. ಇವರು ಕಾಡಾಡಿಗಳಲ್ಲ. ನದಿಯಿಂದ ಕಾಲುವೆ ತೆಗೆದು ಮುಸುಕಿನ ಜೋಳ ಬೆಳೆಯುತ್ತಿದ್ದರು. ಜಾಲಿಯನ್ನು ಹೋಲುವ ಒಂದು ಮರದ ಕಾಯಿಗಳನ್ನು ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಸಾನ್ ಹುವಾನ್ ನದಿಯೂ ದಕ್ಷಿಣದ ಮೆಂದೋಸಾ ನದಿಯೂ ಇಳಿದು ಬಂದು ಸೇರುವ ತಗ್ಗಿನಲ್ಲಿ ಗುವಾನಕಾಚೆ ಎಂಬ ಸರೋವರಗಳ ಸಾಲೊಂದು ಇತ್ತು. ಅಲ್ಲಿಯ ಉವಾರ್ಪೆಗಳು ಜೊಂಡಿನಿಂದ ತೆಪ್ಪ ಕಟ್ಟಿ ಮೀನು ಹಿಡಿಯುತ್ತಿದ್ದರು. ಬಾತುಕೋಳಿ ಹಿಡಿಯುವ ಅವರ ಉಪಾಯವನ್ನು ಹಳೆಯ ಗ್ರಂಥಕಾರರು ವಿನೋದದಿಂದ ವರ್ಣಿಸಿದ್ದಾರೆ. ಮೊದಲು ಕೆಲವು ಸೋರೆಬುರುಡೆಗಳನ್ನು ನೀರಿನ ಮೇಲೆ ತೇಲಬಿಡುವರು. ಹಕ್ಕಿಗಳಿಗೆ ಅವುಗಳ ಭಯ ಹೋದ ಮೇಲೆ ಬೇಟೆಗಾರನು ಒಂದು ಬುರುಡೆಯನ್ನು ತಲೆಗೆ ಕವುಚಿಕೊಂಡು, ಕತ್ತಿನವರೆಗೆ ನೀರಿನಲ್ಲಿ ಮುಳುಗಿ, ಮೆಲ್ಲನೆ ಸಮೀಪಿಸಿ, ಕೆಳಗಿನಿಂದ ಕಾಲು ಹಿಡಿದು ಎಳೆದುಕೊಳ್ಳುವನು!

1562ನೆಯ ಇಸವಿ ಜೂನ್ 13ರಂದು ಹುವಾನ್ ಹುಫ್ರೇ ಎಂಬ ಸ್ಪ್ಯಾನಿಷ್ ದಳಪತಿ ಚಿಲಿಯಿಂದ ಪರ್ವತವನ್ನು ದಾಟಿಬಂದು ಈ ನಗರವನ್ನು ಸ್ಥಾಪಿಸಿದನು. ಅವನಿಗೆ ಬೇಕಾದುದು ಭೂಮಿಗಿಂತ ಹೆಚ್ಚಾಗಿ ಆಳುಗಳು. ಉವಾರ್ಪೆಗಳನ್ನು ಹಂಚಿಕೊಂಡು, ಗುಂಪುಗುಂಪಾಗಿ ಆಂಡೀಸಿನ ಕಣಿವೆದಾರಿಗಳಲ್ಲಿ ಚಿಲಿಗೆ ದುಡಿಮೆಗಾಗಿ ನಡೆಯಿಸಿಕೊಂಡು ಹೋದರು. ಹೋದವರಲ್ಲಿ ಅನೇಕರು ಮರಳಲಿಲ್ಲ. 1607ರಲ್ಲಿ ಲೂಯಿಸ್ ದೆ ವಾಲ್ದಿವಿಯಾ ಎಂಬ ಪಾದ್ರಿ ಇವರ ಆಯೆಂತಿಯಾಕ್ ಭಾಷೆಗೆ ಒಂದು ವ್ಯಾಕರಣವನ್ನು ಲಿಮಾ ಪಟ್ಟಣದಲ್ಲಿ ಅಚ್ಚುಹಾಕಿಸಿದನು. ಮುಂದೆ ಆ ಭಾಷೆಯನ್ನು ಆಡುವವರು ಇಲ್ಲವಾದರು, ವ್ಯಾಕರಣ ಉಳಿಯಿತು.

ನೀರಿಲ್ಲದ ನಾಡು ನೀರಿನಿಂದಲೇ ಕೆಡುವುದೂ ಉಂಟು. ಹಿಮ ಹೆಚ್ಚಾಗಿ ಕರಗಿದ ವರ್ಷ ನದಿ ಹುಚ್ಚೇಳುತ್ತದೆ. ಪ್ರವಾಹಕ್ಕೆ ಸಿಕ್ಕಿದ ಮೊದಲ ನಗರವನ್ನು ಬಿಟ್ಟು, 1593ರಲ್ಲಿ ಸ್ಥಾಪಕನ ಮಗನೇ ಸ್ವಲ್ಪ ದಕ್ಷಿಣಕ್ಕೆ ಈಗಿನ ಸ್ಥಳದಲ್ಲಿ ಊರನ್ನು ಕಟ್ಟಿದನು. 1776ರವರೆಗೆ ಈ ಸೀಮೆ ಚಿಲಿಯ ಆಡಳಿತಕ್ಕೆ ಸೇರಿತ್ತು. ಆಮೇಲೆ ಬ್ವೇನಸ್ ಐರಿಸಿನ ಕಡೆಗೆ ತಿರುಗಿತು. 1817ರಲ್ಲಿ ಸ್ವಾತಂತ್ರ್ಯವೀರ ಸಾನ್ ಮಾರ್ತಿನ್ ಆಂಡೀಸನ್ನು ದಾಟಿ ಚಿಲಿಗೆ ಹೋದಾಗ ಅವನ ಮುಖ್ಯ ಸೈನ್ಯ ಹಾದುಹೋದುದು ಈ ಪ್ರಾಂತದ ಲೋಸ್ ಪಾತೋಸ್ ಕಣಿವೆಯಲ್ಲಿ.

ಆ ಕಾಲದಲ್ಲಿ ಊರಿನ ಒಂದು ಬಡ ಮನೆಯಲ್ಲಿ ಆರು ವರ್ಷದ ಹುಡುಗನೊಬ್ಬನಿದ್ದನು. ಅವನ ತಾಯಿ ಪೌಲಾ ಅಲ್ಬರ್ರಾಸಿನ್ ಅಂಜೂರದ ಮರದ ಕೆಳಗೆ ಮಗ್ಗ ಹೂಡಿ, ನೇಯ್ದ ಬಟ್ಟೆಯನ್ನು ಮಾರಿ, ಆ ಹಣದಿಂದ ಹಸಿ ಇಟ್ಟಿಗೆಯ ಮನೆ ಕಟ್ಟಿಸಿದ್ದಳು. ಹುಡುಗ ದೊಮಿಂಗೋ ಫೌಸ್ತಿನೋ ಸಾರ್ಮಿಯೆಂತೋ ಮುಂದೆ ಉಪಾಧ್ಯಾಯನಾದನು, ಗ್ರಂಥಕರ್ತನಾದನು, ಪ್ರಾಂತದ ಗವರ್ನರಾದನು. 1868ರಿಂದ 1874ರವರೆಗೆ ಅರ್ಜೆಂಟೀನಾದ ಅಧ್ಯಕ್ಷನಾಗಿ ದೇಶದಲ್ಲೆಲ್ಲ ಶಾಲೆಗಳನ್ನು ಹರಡಿದನು. 1845ರಲ್ಲಿ ಬರೆದ 'ಫಾಕುಂದೋ' ಎಂಬ ಗ್ರಂಥದಲ್ಲಿ ಅವನು ಹೇಳುವುದೇನೆಂದರೆ, ಜನವಿಲ್ಲದ ಬಯಲಿನ ವಿಸ್ತಾರವೇ ತನ್ನ ದೇಶದ ರೋಗ. ನಗರ, ಶಾಲೆ, ನೇಗಿಲು ಅದಕ್ಕೆ ಮದ್ದು. ಈ ಮಾತಿನಲ್ಲಿ ನಿಜವುಂಟು. ಆದರೆ ನಾಗರಿಕತೆ ಒಂದು ಕಡೆ, ಅನಾಗರಿಕತೆ ಒಂದು ಕಡೆ ಎಂದು ಗೆರೆ ಎಳೆದಾಗ, ಕಾಲುವೆಯ ದಡದವರು ಗೆರೆಯ ಈಚೆಗೂ ಸರೋವರದ ದಡದವರು ಆಚೆಗೂ ಬಿದ್ದರು. ಆಚೆಗೆ ಬಿದ್ದವರ ಪಾಡನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ನೋಡೋಣ.

ಈ ನಾಡಿನವರ ಮನಸ್ಸಿನಲ್ಲಿ ನೀರಿಗೆ ಎಂಥ ಸ್ಥಾನವಿದೆ ಎಂಬುದನ್ನು ಒಂದು ಐತಿಹ್ಯದಿಂದ ತಿಳಿಯಬಹುದು. 1840ರ ಸುಮಾರಿನ ಅಂತರ್ಯುದ್ಧದಲ್ಲಿ ದಿಯೋಲಿಂದಾ ಕೊರ್ರೆಯಾ ಎಂಬ ಹೆಣ್ಣುಮಗಳ ಗಂಡನನ್ನು ಬಲಾತ್ಕಾರವಾಗಿ ಸೈನ್ಯಕ್ಕೆ ಎಳೆದುಕೊಂಡು ಹೋದರಂತೆ. ಅವಳು ಹಸುಗೂಸನ್ನು ಎತ್ತಿಕೊಂಡು ಮರುಭೂಮಿಯಲ್ಲಿ ಅವನ ಹಿಂದೆ ಹೊರಟು, ಬಾಯಾರಿ ಸತ್ತಳಂತೆ. ದನಗಾಹಿಗಳು ಬಂದು ನೋಡಿದಾಗ ಸತ್ತ ತಾಯಿಯ ಎದೆಹಾಲನ್ನು ಕುಡಿಯುತ್ತ ಕೂಸು ಬದುಕಿತ್ತಂತೆ. ವಾಯೆಸಿತೋ ಎಂಬಲ್ಲಿ ಅವಳ ಗುಡಿ ಇದೆ. ಚರ್ಚಿನವರು ಅವಳನ್ನು ಸಂತಳೆಂದು ಒಪ್ಪಿಲ್ಲ, ಜನ ಒಪ್ಪಿದ್ದಾರೆ. ಲಾರಿ ನಡೆಸುವವರೂ ದಾರಿಹೋಕರೂ ಅಲ್ಲಿ ನಿಂತು ನೀರು ತುಂಬಿದ ಸೀಸೆಗಳನ್ನು ಇಟ್ಟುಹೋಗುತ್ತಾರೆ. ಅವಳ ದಾಹ ಇನ್ನೂ ಅಡಗಿಲ್ಲವೆಂದು ಅವರ ಭಾವನೆ.

1885ರಲ್ಲಿ ಸಾನ್ ಹುವಾನಿಗೆ ರೈಲು ಬಂದಿತು. ಅದರ ಹಿಂದೆಯೇ ಸ್ಪೇನ್, ಇಟಲಿ, ಸಿರಿಯಾ ಲೆಬನಾನ್‌ಗಳಿಂದ ವಲಸೆಗಾರರು ಬಂದರು. ದ್ರಾಕ್ಷಿಯ ತೋಟಗಳು ಹಬ್ಬಿದವು. ದ್ರಾಕ್ಷಾಮದ್ಯದ ತಯಾರಿಕೆಯಲ್ಲಿ ಅರ್ಜೆಂಟೀನಾದ ಪ್ರಾಂತಗಳೊಳಗೆ ಸಾನ್ ಹುವಾನ್ ಮೆಂದೋಸಾಕ್ಕೆ ಮಾತ್ರ ಎರಡನೆಯದಾಯಿತು. ರಾಜಕೀಯದಲ್ಲಿಯೂ ಅದು ಮುಂದೆ ಹೆಜ್ಜೆಯಿಟ್ಟಿತು: ದೇಶದ ಹೆಂಗಸರಿಗೆಲ್ಲ 1947ರಲ್ಲಿ ಬಂದ ಮತದಾನದ ಹಕ್ಕನ್ನು ಈ ಪ್ರಾಂತದ ಸಂವಿಧಾನವು 1927ರಲ್ಲಿಯೇ ತನ್ನ ಹೆಂಗಸರಿಗೆ ಕೊಟ್ಟಿತ್ತು.

ಈ ಸಮೃದ್ಧಿಯೆಲ್ಲ ಕಾಲುವೆಯ ಮೇಲೆ ನಿಂತದ್ದು. ಬೀದಿಯ ಎರಡು ಪಕ್ಕದಲ್ಲಿಯೂ ಸಣ್ಣ ಕಾಲುವೆ, ಅದರ ದಡದಲ್ಲಿ ಸಾಲುಮರ. ಆ ಕಾಲುವೆಗೆ 'ಅಸೇಕಿಯಾ' ಎಂದು ಹೆಸರು. ಇದು ಅರಬ್ಬಿಯಿಂದ ಸ್ಪ್ಯಾನಿಷಿಗೆ ಬಂದ ಮಾತು. ಒಣನೆಲದಲ್ಲಿ ನೀರು ಹರಿಸುವ ವಿದ್ಯೆಯಲ್ಲಿ ಸ್ಪೇನಿನವರು ಅರಬ್ಬರಿಗೆ ಎಷ್ಟು ಋಣಿಗಳೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ. ಹೊಲಗಳಿಗೆ ನೀರು ಸರದಿಯ ಮೇಲೆ ಬರುತ್ತದೆ. ಸರದಿ ಬಂದಾಗ ರೈತ ನಡುರಾತ್ರಿಯಾದರೂ ಎದ್ದು ಮಡೆ ತೆರೆಯಬೇಕು. ನೀರಿನ ಹಕ್ಕು ಭೂಮಿಯೊಡನೆ ಕೂಡಿಕೊಂಡಿರುತ್ತದೆ. ಹಕ್ಕಿಲ್ಲದ ಭೂಮಿ ಎಷ್ಟು ವಿಶಾಲವಾಗಿದ್ದರೂ ಬಂಜರೇ ಸರಿ.

ಇಲ್ಲಿಯೇ ನಾವು ನಿಂತು ವಿಚಾರಮಾಡಬೇಕಾದ ಅಂಶವಿದೆ. ನದಿಯಲ್ಲಿರುವ ನೀರು ಒಂದೇ. ಮೇಲೆ ತೋಟ ಹೆಚ್ಚಿದಷ್ಟೂ ಕೆಳಗೆ ಹರಿವು ಕುಗ್ಗಬೇಕು. ಸಾನ್ ಹುವಾನಿನವರೂ ಮೆಂದೋಸಾದವರೂ ತಮ್ಮ ತಮ್ಮ ನದಿಗಳಿಂದ ಕಾಲುವೆಗಳನ್ನು ಹಿಗ್ಗಿಸುತ್ತ ಬಂದ ಹಾಗೆಲ್ಲ ಗುವಾನಕಾಚೆಯ ಸರೋವರಗಳಿಗೆ ಬರುವ ನೀರು ಕಡಿಮೆಯಾಯಿತು. ನೆಲದ ಕೊರೆತವೂ ಅದಕ್ಕೆ ಸೇರಿಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಸರೋವರಗಳು ಬಹುಮಟ್ಟಿಗೆ ಬತ್ತಿಹೋದವು. ಜೊಂಡಿನ ತೆಪ್ಪಗಳಿಗೆ ತೇಲುವ ನೀರಿಲ್ಲವಾಯಿತು. ಮೀನು ಹಿಡಿಯುತ್ತಿದ್ದವರ ಮಕ್ಕಳು ಆಡು ಕಾಯುವವರಾದರು. ಅನೇಕರು ಮೇಲಣ ತೋಟಗಳಿಗೆ ಕೂಲಿಗೆ ಹೋದರು. ತಮ್ಮ ನೀರಿನಿಂದ ಬೆಳೆದ ದ್ರಾಕ್ಷಿಯನ್ನು ಕೂಲಿಗೆ ಕೊಯ್ದರು ಎಂದರೆ ತಪ್ಪಲ್ಲ. ಇದಕ್ಕಾಗಿ ಯಾರೂ ಯುದ್ಧ ಹೂಡಲಿಲ್ಲ, ಶಾಸನ ಮಾಡಲಿಲ್ಲ. ಒಂದೊಂದು ಮಡೆ ತೆರೆದಾಗಲೂ ತೆರೆದವನು ನ್ಯಾಯವಾಗಿಯೇ ತನ್ನ ಸರದಿಯ ನೀರನ್ನು ತೆಗೆದುಕೊಂಡನು. ಆದರೆ ಸರದಿಯ ಪಟ್ಟಿಯಲ್ಲಿ ಸರೋವರದ ಹೆಸರೇ ಇರಲಿಲ್ಲ.

ನೀರಿನ ಈ ಹಿಡಿತ ಎಷ್ಟು ಬಲವಾದುದೆಂಬುದು 1944ರಲ್ಲಿ ಇನ್ನೊಂದು ಬಗೆಯಾಗಿ ಕಂಡುಬಂದಿತು. ಆ ವರ್ಷ ಜನವರಿ 15, ಶನಿವಾರ, ರಾತ್ರಿ ಒಂಬತ್ತು ಗಂಟೆಗೆ ಸ್ವಲ್ಪ ಮುಂಚೆ ಭೂಕಂಪವಾಯಿತು. ಹಸಿ ಇಟ್ಟಿಗೆಯ ಮನೆಗಳು ಕ್ಷಣಮಾತ್ರದಲ್ಲಿ ಕುಸಿದವು. ಸುಮಾರು ಹತ್ತು ಸಾವಿರ ಜನ ಮಡಿದರು. ಅರ್ಜೆಂಟೀನಾದ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ಭೂಕಂಪವಿಲ್ಲ. ಆಗ ಕಾರ್ಮಿಕ ಇಲಾಖೆಯಲ್ಲಿದ್ದ ಕರ್ನಲ್ ಪೆರೋನ್ ಸಹಾಯನಿಧಿಯನ್ನು ಕೂಡಿಸಿ ದೇಶಕ್ಕೆಲ್ಲ ಹೆಸರಾದನು; ಆ ನಿಧಿಗಾಗಿ ನಡೆದ ಸಭೆಯಲ್ಲಿಯೇ ಅವನಿಗೆ ಎವಾ ದುವಾರ್ತೆಯ ಪರಿಚಯವಾಯಿತು.

ನಗರವನ್ನು ಅಲ್ಲಿಯೇ ಕಟ್ಟಬೇಕೆ, ಬೇರೆಡೆಗೆ ಸಾಗಿಸಬೇಕೆ ಎಂದು ದೊಡ್ಡ ವಾದ ನಡೆಯಿತು. ಸಾಗಿಸುವುದು ಕ್ಷೇಮವೆಂದು ಹಲವು ತಜ್ಞರು ಹೇಳಿದರು. ಆದರೆ ಮನೆಯನ್ನು ಸಾಗಿಸಬಹುದು. ಕಾಲುವೆ, ತೋಟ, ನೀರಿನ ಹಕ್ಕು ಇವುಗಳನ್ನು ಸಾಗಿಸುವುದು ಹೇಗೆ? ಕಡೆಗೆ ನಗರ ನಿಂತಲ್ಲಿಯೇ ನಿಂತಿತು. ಆದರೆ ಹಿಂದಿನ ಹಾಗೆ ಅಲ್ಲ. ಅಗಲವಾದ ಬೀದಿಗಳಿಂದ, ಕಂಪವನ್ನು ತಾಳಬಲ್ಲ ಕಟ್ಟಡಗಳಿಂದ ಎದ್ದಿತು. 1977ರ ನವೆಂಬರಿನಲ್ಲಿ ಮತ್ತೆ ದೊಡ್ಡ ಭೂಕಂಪವಾದಾಗ ಕೌಸೇತೆ ಎಂಬ ನೆರೆಯ ಊರು ಹಾಳಾಗಿ ಸುಮಾರು 65 ಮಂದಿ ಸತ್ತರು. ಹೊಸ ನಗರ ಉಳಿದುಕೊಂಡಿತು. ಹತ್ತು ಸಾವಿರವೆಲ್ಲಿ, ಅರುವತ್ತೈದೆಲ್ಲಿ! ಮನುಷ್ಯನು ಪಾಠ ಕಲಿಯಬಲ್ಲನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣ ಬೇಕಿಲ್ಲ.

ನೀರಿನ ಪಾಠವನ್ನೂ ಹೀಗೆಯೇ ಕಲಿಯುವನೆ? ಪರ್ವತದ ನೆತ್ತಿಯಲ್ಲಿ ಈಗ ಚಿನ್ನದ ಗಣಿಗಾರಿಕೆ ಬಂದಿದೆ. 2015ರ ಸೆಪ್ಟೆಂಬರಿನಲ್ಲಿ ವೆಲಾದೆರೋ ಎಂಬ ಗಣಿಯಿಂದ ಸಯನೈಡ್ ಬೆರೆತ ನೀರು ಹತ್ತು ಲಕ್ಷ ಲೀಟರಿಗೂ ಮೇಲೆ ಸೋರಿಹೋದಾಗ ಹಾಚಲಿನ ಜನ ಬೀದಿಗೆ ಇಳಿದರು. ಗಣಿ ಉದ್ಯೋಗ ಕೊಡುತ್ತದೆ ಎನ್ನುವವರೂ ಅಲ್ಲಿದ್ದಾರೆ. ನೀರು ಕೆಟ್ಟರೆ ಉದ್ಯೋಗದಿಂದ ಏನು ಎನ್ನುವವರೂ ಇದ್ದಾರೆ. ಸರೋವರಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಹುಟ್ಟಿತು. 1999ರಲ್ಲಿ ಗುವಾನಕಾಚೆಯು ರಾಮ್ಸಾರ್ ಒಪ್ಪಂದದ ಪ್ರಕಾರ ಕಾಪಾಡಬೇಕಾದ ಜಲಪ್ರದೇಶಗಳ ಪಟ್ಟಿಗೆ ಸೇರಿತು. 1994ರಲ್ಲಿ ತಿದ್ದಿದ ಅರ್ಜೆಂಟೀನಾದ ಸಂವಿಧಾನವು, ಆ ದೇಶ ಹುಟ್ಟುವುದಕ್ಕೆ ಮುಂಚೆಯೇ ಅಲ್ಲಿ ಮೂಲಜನರು ಇದ್ದರೆಂಬುದನ್ನು ಒಪ್ಪಿಕೊಂಡಿತು. ಅಳಿದುಹೋದರೆಂದು ಪುಸ್ತಕಗಳು ಬರೆದಿದ್ದ ಉವಾರ್ಪೆಗಳು 'ನಾವು ಇದ್ದೇವೆ' ಎಂದು ಮುಂದೆ ಬಂದರು.

ಒಣನಾಡಿನ ಚರಿತ್ರೆಯನ್ನು ಓದುವಾಗ ಕಾಲುವೆ ಕಟ್ಟಿದವರ ಜಾಣತನವನ್ನು ನಾವು ಹೊಗಳುತ್ತೇವೆ, ಹೊಗಳತಕ್ಕದ್ದೇ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವ ಅಭ್ಯಾಸ ಒಳ್ಳೆಯದು: ಈ ಕಾಲುವೆ ಬರುವುದಕ್ಕೆ ಮುಂಚೆ ಈ ನೀರು ಎಲ್ಲಿಗೆ ಹೋಗುತ್ತಿತ್ತು, ಅಲ್ಲಿ ಯಾರಿದ್ದರು? ಸಾನ್ ಹುವಾನಿನಲ್ಲಿ ಬಾಯಾರಿ ಸತ್ತ ಒಬ್ಬ ತಾಯಿಗೆ ದಾರಿಹೋಕರೆಲ್ಲ ನೀರಿಟ್ಟು ಹೋಗುತ್ತಾರೆ. ಬಾಯಾರಿದ ಸರೋವರಕ್ಕೂ ಒಂದು ಸರದಿ ಇಟ್ಟರೆ ಆ ನಾಡಿನ ಧರ್ಮಕ್ಕೆ ಅದು ಹೊಸದೇನೂ ಆಗಲಾರದು.