ಪುಟ್ಟ ಟ್ರಾಕ್ಟರಿನ ಆಯ್ಕೆ



ಕೆಂಗೇರಿ ದಾಟಿ ರಾಮನಗರದತ್ತ ಸಾಗಿದರೆ ತೆಂಗು, ಮಾವು, ಹಿಪ್ಪುನೇರಳೆಯ ತೋಟಗಳು ಕಾಣುತ್ತವೆ. ವಿಜಯನಗರ, ರಾಜಾಜಿನಗರದಲ್ಲಿ ಓದುವ ನಿಮ್ಮಲ್ಲಿ ಕೆಲವರ ಅಜ್ಜನ ತೋಟವೂ ಅಂಥದ್ದೇ ಇರಬಹುದು. ಅದಕ್ಕೆ ಮುಚ್ಚಿದ ಕ್ಯಾಬಿನ್ನಿನ ಎರಡು ಪುಟ್ಟ ಟ್ರಾಕ್ಟರುಗಳಲ್ಲಿ ಒಂದನ್ನು ಆರಿಸಬೇಕಾಗಿದೆ ಎನ್ನೋಣ.

ಮೊದಲು ಟೇಪು ಹಿಡಿದು ತೋಟಕ್ಕೆ ಹೋಗಿ. ಸಾಲುಗಳ ನಡುವಿನ ಅಗಲವೆಷ್ಟು? ಬಾಗಿದ ಕೊಂಬೆಯ ಎತ್ತರವೆಷ್ಟು? ಕ್ಯಾಬಿನ್ನಿನ ಚಾವಣಿ ಕೊಂಬೆಗೆ ತಗಲುವುದಾದರೆ ಆ ಯಂತ್ರವನ್ನು ಬಿಟ್ಟುಬಿಡಿ.

ಎರಡನೆಯದು ಶಕ್ತಿ. 1 ಅಶ್ವಶಕ್ತಿ ಎಂದರೆ ಸುಮಾರು 746 ವಾಟ್. ರೋಟವೇಟರನ್ನು ತಿರುಗಿಸುವುದು ಪಿ.ಟಿ.ಓ. ದಂಡಕ್ಕೆ ತಲಪುವ ಶಕ್ತಿ. ಅದು ಎಂಜಿನ್ನಿನ ಒಟ್ಟು ಶಕ್ತಿಗಿಂತ ಕಡಿಮೆ. ಏರ್ ಕಂಡೀಷನರ್ ಕೂಡ ಅದೇ ಎಂಜಿನ್ನಿನಿಂದ ಪಾಲು ಪಡೆಯುತ್ತದೆ. 50 ಅಶ್ವಶಕ್ತಿಯ ಯಂತ್ರಕ್ಕೆ ಹಗುರವೆನಿಸುವ ಈ ಪಾಲು 24ರದಕ್ಕೆ ಹೊರೆಯಾಗುತ್ತದೆ.

ಮೂರನೆಯದು ಪ್ರಾಣ. ಟ್ರಾಕ್ಟರ್ ಮಗುಚಿದಾಗ ಚಾಲಕನನ್ನು ಕಾಯುವುದು ಗಾಜಲ್ಲ, ಪರೀಕ್ಷೆಗೊಳಗಾದ ಉಕ್ಕಿನ ಚೌಕಟ್ಟು ಮತ್ತು ಕಟ್ಟಿಕೊಂಡ ಬೆಲ್ಟು. ಸ್ವೀಡನ್ 1959ರಲ್ಲೇ ಹೊಸ ಟ್ರಾಕ್ಟರುಗಳಿಗೆ ಇಂಥ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಇನ್ನು, ಮಾವಿಗೆ ಔಷಧಿ ಹೊಡೆಯುವಾಗ ಧೂಳಿನ ಫಿಲ್ಟರ್ ವಿಷದ ಆವಿಯನ್ನು ತಡೆಯದು. ಅದಕ್ಕೆ ಸಕ್ರಿಯ ಇದ್ದಿಲಿನ ಫಿಲ್ಟರ್ ಬೇಕು. ಬಾಗಿಲು ಮುಚ್ಚಿದ್ದೇನೆಂಬ ಧೈರ್ಯದಲ್ಲಿ ಮೈಮರೆಯುವುದು ಅಪಾಯ.

ಎರಡೂ ಹೊಂದದಿದ್ದರೆ? ಸಾಲದ ಕಂತು ಹಲವು ವರ್ಷ ನಿಲ್ಲುವಂಥದ್ದು. ವರ್ಷಕ್ಕೆ ಕೆಲವೇ ದಿನಗಳ ಕೆಲಸವಾದರೆ ಬಾಡಿಗೆ ಯಂತ್ರವೇ ಸಾಕು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯ ಪವರ್ ಟಿಲ್ಲರಿನಂಥ ಕೈನಡಿಗೆಯ ಯಂತ್ರವೂ ಉಂಟು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಜೊತೆ ಸಾಲುಗಳನ್ನು ಅಳೆದು ಬನ್ನಿ. ಅಂಗಡಿಯ ಮಾತಿಗಿಂತ ಆ ಅಂಕಿಗಳು ನಿಮ್ಮನ್ನು ಸರಿಯಾಗಿ ನಡೆಸುತ್ತವೆ.